ಪಾವಗಡ ಸೌರ ಪಾರ್ಕ್

ಪಾವಗಡ ಸೌರ ಪಾರ್ಕ್ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿಯಲ್ಲಿರುವ ಬೃಹತ್ ಸೌರ ವಿದ್ಯುತ್ ಕೇಂದ್ರ. ಸರ್ಕಾರ ಇದಕ್ಕಿಟ್ಟ ಹೆಸರು ‘ಶಕ್ತಿ ಸ್ಥಳ’. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಇದರ ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ರೈತರ ಜಮೀನನ್ನು ಕೊಳ್ಳದೆ, ಸ್ವಾಧೀನಪಡಿಸಿಕೊಳ್ಳದೆ, ವಾರ್ಷಿಕ ಗುತ್ತಿಗೆಗೆ ಪಡೆದು ಕಟ್ಟಿದ ಕಾರಣ ಇದು ದೇಶದ ಗಮನ ಸೆಳೆಯಿತು. ಭೂಮಾಲೀಕರ ಒಪ್ಪಿಗೆ ಪಡೆಯುವುದರಲ್ಲಿ ಮಾದರಿಯೆನಿಸಿದ ಈ ಯೋಜನೆ, ಭೂಮಿಯನ್ನು ನಂಬಿ ಬದುಕಿದ್ದ ಭೂರಹಿತರ ವಿಷಯದಲ್ಲಿ ಟೀಕೆಗೂ ಗುರಿಯಾಗಿದೆ.

ಹಿನ್ನೆಲೆ

ಪಾವಗಡ ಆಂಧ್ರಪ್ರದೇಶದೊಳಕ್ಕೆ ಚಾಚಿಕೊಂಡಿರುವ ಗಡಿ ತಾಲ್ಲೂಕು. ಇಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ಮಳೆ ಕಡಿಮೆ, ಬಿದ್ದರೂ ಬಿತ್ತನೆಯ ಹದಕ್ಕೆ ಬೀಳುವುದು ಅಪರೂಪ. ಇಲ್ಲಿನ ಉತ್ತರ ಪಿನಾಕಿನಿ ನದಿ ವರ್ಷದ ಹೆಚ್ಚು ಕಾಲ ಬತ್ತಿರುತ್ತದೆ. ಮಳೆಯಾಶ್ರಿತ ಶೇಂಗಾ ಮುಖ್ಯ ಬೆಳೆ, ಜೊತೆಗೆ ಕುರಿ ಸಾಕಣೆ. ಕೊಳವೆಬಾವಿಗಳು ಆಳಕ್ಕಿಳಿದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯೂ ಕಾಡಿತು. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಪಾವಗಡವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಕೂಲಿ ಅರಸಿ ಬೆಂಗಳೂರಿಗೆ ಗುಳೆ ಹೋಗುವುದು ಇಲ್ಲಿನ ಸಾಮಾನ್ಯ ಸಂಗತಿಯಾಗಿತ್ತು.

ಬೇಸಾಯಕ್ಕೆ ಶಾಪವಾಗಿದ್ದ ಲಕ್ಷಣಗಳೇ ಸೌರ ವಿದ್ಯುತ್ತಿಗೆ ಅನುಕೂಲವಾದವು: ಪ್ರಖರ ಬಿಸಿಲು, ಮೋಡವಿಲ್ಲದ ದಿನಗಳು, ಒಂದೇ ಕಡೆ ಸಿಗುವ ವಿಸ್ತಾರವಾದ ಖುಷ್ಕಿ ಭೂಮಿ.

ಸ್ಥಾಪನೆ

ಕರ್ನಾಟಕದಲ್ಲಿ ಜಾಲಕ್ಕೆ ವಿದ್ಯುತ್ ಕೊಡುವ ಸೌರ ಘಟಕಗಳು ಮೊದಲು ಬಂದದ್ದು ಚಿಕ್ಕ ಪ್ರಮಾಣದಲ್ಲಿ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 2010ರ ಹೊತ್ತಿಗೆ ನಡೆಸುತ್ತಿದ್ದ ಘಟಕ 3 ಮೆಗಾವಾಟ್‌ನದು. ರಾಜ್ಯವು 2014–21ರ ಸೌರ ನೀತಿಯನ್ನು ಪ್ರಕಟಿಸಿದ ವರ್ಷವೇ, ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ 20,000 ಮೆಗಾವಾಟ್ ಗುರಿಯ ಸೌರ ಪಾರ್ಕ್ ಯೋಜನೆಯನ್ನು ಆರಂಭಿಸಿತು. ಭೂಮಿ, ರಸ್ತೆ, ಪ್ರಸರಣ ಮಾರ್ಗಗಳನ್ನು ಸರ್ಕಾರಿ ಸಂಸ್ಥೆ ಸಿದ್ಧಪಡಿಸುವುದು, ಉತ್ಪಾದಕ ಕಂಪನಿಗಳು ಬಂದು ಫಲಕ ಕೂರಿಸುವುದು ಇದರ ಕ್ರಮ. ಇದಕ್ಕಾಗಿ ಭಾರತೀಯ ಸೌರಶಕ್ತಿ ನಿಗಮ ಮತ್ತು ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡಲ್) ಸೇರಿ 2015ರ ಮಾರ್ಚ್‌ನಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದವು.

ಪಾರ್ಕನ್ನು ತಲಾ ಸುಮಾರು 250 ಮೆಗಾವಾಟ್‌ನ ಎಂಟು ಬ್ಲಾಕ್‌ಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕ್‌ಗೂ ಒಂದು ಉಪಕೇಂದ್ರ ಕೊಟ್ಟು, ಅಲ್ಲಿಂದ ಪವರ್‌ಗ್ರಿಡ್‌ನ 400 ಕಿಲೋವೋಲ್ಟ್ ಕೇಂದ್ರಕ್ಕೆ ಸಂಪರ್ಕ ಕಲ್ಪಿಸಲಾಯಿತು. ಮೊದಲ ಹಂತದ 600 ಮೆಗಾವಾಟ್ ಸಿದ್ಧವಾದ ಬಳಿಕ 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪಾರ್ಕನ್ನು ಉದ್ಘಾಟಿಸಿದರು. 2019ರ ಕೊನೆಗೆ ಪೂರ್ಣ ಸಾಮರ್ಥ್ಯದ ಅಳವಡಿಕೆ ಮುಗಿಯಿತು.

ಗುತ್ತಿಗೆ ಪದ್ಧತಿ

2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಪರಿಹಾರದ ಮೊತ್ತವನ್ನು ಹೆಚ್ಚಿಸಿದ್ದಲ್ಲದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ವಿಧಿಸಿತ್ತು. ಸಾವಿರಾರು ಎಕರೆಯನ್ನು ಆ ದಾರಿಯಲ್ಲಿ ಪಡೆಯಲು ವರ್ಷಗಳೇ ಬೇಕಾಗುತ್ತಿದ್ದವು. ಪಾವಗಡದಲ್ಲಿ ಆಯ್ದುಕೊಂಡದ್ದು ಗುತ್ತಿಗೆಯ ದಾರಿ. ಸೌರ ವಿದ್ಯುತ್ ಅಭಿವೃದ್ಧಿ ನಿಗಮ ರೈತರೊಂದಿಗೆ 28 ವರ್ಷಗಳ ಕರಾರು ಮಾಡಿಕೊಂಡು ಕಂಪನಿಗಳಿಗೆ ಭೂಮಿಯನ್ನು ಒದಗಿಸಿತು. ಗುತ್ತಿಗೆ ಹಣ ಎಕರೆಗೆ ವರ್ಷಕ್ಕೆ ₹21,000. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಾಲೀಕತ್ವ ರೈತರ ಹೆಸರಿನಲ್ಲೇ ಉಳಿಯಿತು.

ಬಿತ್ತಿದ ಶೇಂಗಾ ಬೀಜದ ಖರ್ಚೂ ಹುಟ್ಟದ ವರ್ಷಗಳನ್ನು ಕಂಡಿದ್ದ ಹಿಡುವಳಿದಾರರಿಗೆ ಈ ಮೊತ್ತ ನಿಶ್ಚಿತ ವರಮಾನವಾಯಿತು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಹೆಚ್ಚು ಎಕರೆ ಇದ್ದವರು ಸಾಲ ತೀರಿಸಿ ಮನೆ ಕಟ್ಟಿದರು, ಮಕ್ಕಳ ಓದಿಗೆ ಖರ್ಚು ಮಾಡಿದರು. ಆದರೆ ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಸುಮಾರು ಶೇ 2.5 ಮಾತ್ರ. ಆ ಲೆಕ್ಕದಲ್ಲಿ ಕರಾರಿನ ಕೊನೆಯ ವರ್ಷಗಳಲ್ಲಿ ಎಕರೆಗೆ ಸಿಗುವುದು ಹೆಚ್ಚೆಂದರೆ ₹40,000ದ ಆಸುಪಾಸು. ಬೆಲೆಯೇರಿಕೆ ಇದಕ್ಕಿಂತ ವೇಗವಾಗಿದ್ದರೆ ಹಣದ ನಿಜ ಮೌಲ್ಯ ಕುಗ್ಗುತ್ತ ಹೋಗುತ್ತದೆ.

ಭೂರಹಿತರು ಮತ್ತು ಕುರಿಗಾಹಿಗಳು

ಗುತ್ತಿಗೆ ಹಣಕ್ಕೆ ಪಹಣಿಯಲ್ಲಿನ ಹೆಸರೇ ಆಧಾರ. ಹೀಗಾಗಿ ಯೋಜನೆಯ ಲಾಭ ಹಿಡುವಳಿಯ ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿಕೆಯಾಯಿತು: ಹತ್ತಾರು ಎಕರೆಯವರಿಗೆ ಲಕ್ಷಗಟ್ಟಲೆ, ಒಂದೆರಡು ಎಕರೆಯವರಿಗೆ ಸಂಸಾರ ನಡೆಸಲು ಸಾಲದಷ್ಟು, ಭೂರಹಿತರಿಗೆ ಏನೂ ಇಲ್ಲ. ದಾಖಲೆಯಿಲ್ಲದೆ ಉಳುಮೆ ಮಾಡುತ್ತಿದ್ದವರೂ ಕರಾರಿನಿಂದ ಹೊರಗುಳಿದರು. ಕಳೆ ಕೀಳುವುದು, ಶೇಂಗಾ ಬಿಡಿಸುವುದು ಮುಂತಾದ ಕೆಲಸ ನಿಂತಾಗ ಹೆಚ್ಚು ನಷ್ಟವಾದದ್ದು ಕೂಲಿ ಹೆಂಗಸರಿಗೆ, ಅದರಲ್ಲೂ ದಲಿತ ಕುಟುಂಬಗಳಿಗೆ. ಕೊಯ್ಲು ಮುಗಿದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ದೂರ ಅಲೆಯಲಾಗದೆ ಮಂದೆ ಮಾರಿದವರಿದ್ದಾರೆ.

ಕಾಮಗಾರಿ ನಡೆಯುವಾಗ ಕೂಲಿ ಸಿಕ್ಕಿತಾದರೂ ಅದು ತಾತ್ಕಾಲಿಕ. ಆಮೇಲೆ ಸ್ಥಳೀಯರಿಗೆ ಉಳಿದದ್ದು ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು ಮುಂತಾದ ಗುತ್ತಿಗೆದಾರರ ಕೈಕೆಳಗಿನ ಕೆಲಸಗಳು. ಶಾಲೆ, ರಸ್ತೆ, ಕುಡಿಯುವ ನೀರಿನಂಥ ಕೆಲಸಗಳಿಗೆ 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆ ನಿಧಿ ಒಂದು ಮೂಲ. ಆದರೆ ಅದನ್ನು ಎಲ್ಲಿ, ಯಾವುದಕ್ಕೆ ಖರ್ಚು ಮಾಡಬೇಕೆಂಬುದು ಆಯಾ ಕಂಪನಿಯ ತೀರ್ಮಾನ. ಗ್ರಾಮಸಭೆಗೆ ಅದರ ಮೇಲೆ ಹಿಡಿತವಿಲ್ಲ.

ಪರಿಸರದ ಹೊಣೆ

ಫೋಟೊವೋಲ್ಟಾಯಿಕ್ ಸೌರ ಯೋಜನೆಗಳು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಇವನ್ನು ಮಾಲಿನ್ಯವಿಲ್ಲವೆಂಬಷ್ಟು ಕಡಿಮೆ ಇರುವ ‘ಬಿಳಿ’ ವರ್ಗಕ್ಕೆ ಸೇರಿಸಿತು. ಹೊಗೆ, ಬೂದಿ, ತ್ಯಾಜ್ಯನೀರಿನ ಮಟ್ಟಿಗೆ ಈ ವರ್ಗೀಕರಣ ಸರಿಯೇ. ಆದರೆ ಪರಿಣಾಮ ಅಂದಾಜಿನೊಡನೆ ಬರುವ ಸಾರ್ವಜನಿಕ ಅಹವಾಲು ಸಭೆಯೂ ಅಧಿಸೂಚನೆಯ ವ್ಯಾಪ್ತಿಯಿಂದ ಹೊರಗುಳಿದದ್ದರಿಂದ ಕಡ್ಡಾಯವಲ್ಲದಂತಾಯಿತು. ಕರಾರಿಗೆ ಸೇರದವರು ತಮ್ಮ ಮಾತು ಹೇಳಲು ಕಾನೂನುಬದ್ಧ ವೇದಿಕೆ ಉಳಿಯಲಿಲ್ಲ.

ದೂಳು ಕೂತ ಫಲಕ ಕಡಿಮೆ ವಿದ್ಯುತ್ ಕೊಡುವುದರಿಂದ ಅದನ್ನು ಆಗಾಗ ಶುಚಿಗೊಳಿಸಬೇಕು. ನೀರಿನಿಂದ ತೊಳೆದರೆ, ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಅದು ಹೊರೆ. ನೀರಿಲ್ಲದೆ ಒರೆಸುವ ಯಂತ್ರಗಳು ಬಂದರೆ ತೊಳೆಯುವವರ ಕೂಲಿ ಹೋಗುತ್ತದೆ. ಗಿಡಮರ ತೆಗೆದು ನೆಲ ಸಮ ಮಾಡಿದ್ದರಿಂದ ಮಳೆನೀರಿನ ಹರಿವು ಬದಲಾಗುವುದು ಇನ್ನೊಂದು ಆತಂಕ. ಸೆಕೆ ಹೆಚ್ಚಿದೆ ಎಂಬ ದೂರೂ ಸುತ್ತಲಿನ ಊರುಗಳಿಂದ ಕೇಳಿಬಂದಿದೆ. ಹಳೆಯ ಫಲಕಗಳ ವಿಲೇವಾರಿಯ ಪ್ರಶ್ನೆಗೆ ಉತ್ತರ ತಡವಾಗಿ ಬಂತು: 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಸೌರ ಫಲಕಗಳನ್ನೂ ಒಳಗೊಂಡಿವೆ.

ಪ್ರಭಾವ

ಪಾವಗಡದ ಪದ್ಧತಿ, ಒತ್ತಾಯವಿಲ್ಲದೆಯೂ ದೊಡ್ಡ ಪ್ರಮಾಣದಲ್ಲಿ ಭೂಮಿ ಒದಗಿಸಬಹುದೆಂದು ತೋರಿಸಿತು. ಗುತ್ತಿಗೆ ಹಣ ಬರುವುದನ್ನು ಕಂಡ ನೆರೆಯ ಊರುಗಳ ರೈತರೂ ಭೂಮಿ ಕೊಡಲು ಮುಂದೆ ಬಂದಿದ್ದು, ಪಾರ್ಕನ್ನು ವಿಸ್ತರಿಸುವ ಪ್ರಸ್ತಾವಗಳು ಹುಟ್ಟಿಕೊಂಡವು. 2019ರಲ್ಲಿ ಆರಂಭವಾದ ಕೇಂದ್ರದ ಪಿಎಂ-ಕುಸುಮ್ ಯೋಜನೆಯ ಜಾಡು ಬೇರೆ. ಅದರ ಒಂದು ಭಾಗದಲ್ಲಿ ರೈತರು, ಅವರ ಸಹಕಾರ ಸಂಘಗಳು 2 ಮೆಗಾವಾಟ್‌ವರೆಗಿನ ಘಟಕಗಳಿಗೆ ತಾವೇ ಒಡೆಯರಾಗಿ ವಿದ್ಯುತ್ ಮಾರಬಹುದು. ಪಾವಗಡದಲ್ಲಿ ರೈತರು ಭೂಮಿಗೆ ಒಡೆಯರೇ ಹೊರತು ವಿದ್ಯುತ್ತಿನ ಆದಾಯದಲ್ಲಿ ಪಾಲುದಾರರಲ್ಲ. 2040ರ ದಶಕದಲ್ಲಿ ಕರಾರುಗಳು ಮುಗಿಯುತ್ತವೆ. ಬದು, ಬೇಲಿ ಅಳಿಸಿಹೋದ ಈ ನೆಲದಲ್ಲಿ ಯಾರ ಹೊಲ ಎಲ್ಲಿತ್ತೆಂದು ಗುರುತಿಸಲು ಆಗ ಸರ್ವೆ ದಾಖಲೆಗಳನ್ನೇ ನೆಚ್ಚಬೇಕು. ಉಳುಮೆ ಬಿಟ್ಟು ಬೆಳೆದ ತಲೆಮಾರಿಗೆ ಭೂಮಿ ಮರಳುವುದು ಆ ದಾಖಲೆಗಳ ಮೂಲಕ.