ಬೋಳಾರ: ಹಂಚಿನ ಉದ್ಯಮ ಮತ್ತು ಊರಿನ ಬದುಕು

ಬೋಳಾರ ಮಂಗಳೂರು ನಗರದ ತೆಂಕು ಅಂಚಿನಲ್ಲಿ, ನೇತ್ರಾವತಿ ನದಿ ಅಳಿವೆಯ ಕಡೆಗೆ ಹರಿಯುವಲ್ಲಿ ದಡದಲ್ಲಿರುವ ಬಡಾವಣೆ. ಸುಲ್ತಾನ್ ಬತ್ತೇರಿಯ ಬಳಿಯ ಬೋಳೂರು ಬೇರೆ, ಇದು ಬೇರೆ. ಹೊರಗಿನವರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಸುತ್ತಮುತ್ತ ಜೆಪ್ಪು, ಮುಳಿಹಿತ್ಲು, ಹೊಯಿಗೆಬಜಾರ್, ಅದರಾಚೆ ಹಳೆಯ ಬಂದರು. ಮಂಗಳೂರಿಗೆ ಹೆಸರು ಕೊಟ್ಟವಳೆಂದು ಜನ ನಂಬಿರುವ ಮಂಗಳಾದೇವಿಯ ಗುಡಿ ಇರುವುದೂ ಇಲ್ಲಿಯೇ. ಗುಡಿಯ ಊರಾಗಿದ್ದ ಬೋಳಾರ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾರ್ಖಾನೆಗಳ ಊರೂ ಆಯಿತು. ಮುಂದೆ ಸುಮಾರು ನೂರು ವರ್ಷ ಇಲ್ಲಿನ ದುಡಿಮೆ, ನದಿಯ ಬಳಕೆ, ಜಾತಿಗಳ ನಡುವಣ ಒಡನಾಟ, ಭೂಮಿಯ ಬೆಲೆ ಎಲ್ಲದರ ಮೇಲೂ ಹಂಚಿನ ಉದ್ಯಮದ ಗುರುತು ಬಿದ್ದಿದೆ.

ಉದ್ಯಮದ ಬೇರು ವ್ಯಾಪಾರಕ್ಕಿಂತ ಹೆಚ್ಚಾಗಿ ಒಂದು ಸಾಮಾಜಿಕ ಇಕ್ಕಟ್ಟಿನಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರಿಗೆ ಮನೆ, ಗೇಣಿ, ಕುಲಕಸುಬು ಒಟ್ಟಿಗೆ ತಪ್ಪುತ್ತಿದ್ದವು. ಅವರಲ್ಲಿ ಬಿಲ್ಲವರು ಬಹಳ ಮಂದಿ. ಅವರ ಕುಲಕಸುಬಾದ ಸೇಂದಿ ಇಳಿಸುವುದು ಹೊಸ ಧರ್ಮಕ್ಕೆ ಒಗ್ಗದ ಕೆಲಸ. ಹೊಟ್ಟೆಪಾಡಿಗೆ ದಾರಿ ತೋರಿಸದೆ ಧರ್ಮ ಮಾತ್ರ ಕೊಟ್ಟರೆ ನಡೆಯದು ಎಂದು ಮಿಷನ್ನಿಗೆ ಬೇಗ ತಿಳಿಯಿತು. ಮುದ್ರಣಾಲಯ, ನೇಯ್ಗೆ, ಬಳಿಕ ಹಂಚು ಬಂದದ್ದು ಈ ಒತ್ತಡದಿಂದ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿನ ನದೀದಡದ ಜೇಡಿಮಣ್ಣನ್ನು ಸುಟ್ಟು ಪರೀಕ್ಷಿಸಿ, ಜೆಪ್ಪುವಿನ ಮೋರ್ಗನ್ಸ್‌ಗೇಟ್ ಬಳಿ ಕಾರ್ಖಾನೆ ತೆರೆದ. ಹಳೆಯ ಮನೆಗಳಿಂದ ಇಳಿಸಿದ ಹಂಚುಗಳ ಬೆನ್ನಿನ ಮೇಲೆ ಮಿಷನ್ನಿನ ಹೆಸರಿನೊಂದಿಗೆ 1865 ಎಂಬ ಇಸವಿ ಈಗಲೂ ಓದಲು ಸಿಗುತ್ತದೆ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಈ ಚಪ್ಪಟೆ ಹಂಚಿನ ಮಾದರಿ ಇಲ್ಲಿಯದಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರದೇಶದ ಜಿಲಾರ್ಡೋನಿ ಸೋದರರು 1841ರಲ್ಲಿ ಹಕ್ಕುಪತ್ರ ಪಡೆದ ಹಂಚಿನ ವಂಶದ್ದು.

ಬೋಳಾರದ ಪಾಲು ಶುರುವಾಗುವುದು ಸ್ಥಳೀಯ ಬಂಡವಾಳದಿಂದ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬವಾದ ಆಲ್ಬುಕರ್ಕ್‌ಗಳು 1868ರಲ್ಲಿ ಪಾಣೆಮಂಗಳೂರಿನಲ್ಲಿ ಹಂಚು ಮಾಡಲು ತೊಡಗಿದರು. 1878ರಲ್ಲಿ ಸೈಮನ್ ಆಲ್ಬುಕರ್ಕ್ ಬೋಳಾರದ ನೀರಂಚಿನಲ್ಲಿ ಕಾರ್ಖಾನೆ ತೆರೆದರು. ಮಿಷನ್ನಿನ ಧರ್ಮಕಾರ್ಯದ ನೆರಳಿನಿಂದ ಹಂಚು ಹೊರಬಂದು ಅಪ್ಪಟ ವ್ಯಾಪಾರವಾದದ್ದು ಇಂಥ ಕಾರ್ಖಾನೆಗಳಲ್ಲಿ ಎನ್ನಬೇಕು. ಕ್ರಮೇಣ ಮಂಗಳೂರು ಮತ್ತು ಆಸುಪಾಸಿನಲ್ಲಿ ಸುಮಾರು 75 ಕಾರ್ಖಾನೆಗಳು ಎದ್ದವು.

ನೀರಂಚೇ ಏಕೆ ಎಂಬುದಕ್ಕೆ ಉತ್ತರ ಸರಳ. ಮಣ್ಣು ಬರುತ್ತಿದ್ದದ್ದು ನೇತ್ರಾವತಿ, ಗುರುಪುರ ನದಿಗಳ ದಡದ ಗದ್ದೆಗಳಿಂದ, ದೋಣಿಯಲ್ಲಿ. ಘಟ್ಟದ ಬುಡದ ಕಟ್ಟಿಗೆಯೂ ಹೊಳೆಯಲ್ಲೇ ಇಳಿಯುತ್ತಿತ್ತು. ಸುಟ್ಟ ಹಂಚು ಕಾರ್ಖಾನೆಯ ಧಕ್ಕೆಯಿಂದಲೇ ಮಂಜಿ, ಪತ್ತೆಮಾರಿ ಎಂಬ ಹಾಯಿಹಡಗುಗಳನ್ನು ಏರಿ ಮುಂಬಯಿ, ಕೊಲಂಬೊ, ಪೂರ್ವ ಆಫ್ರಿಕಾದ ಕಡೆಗೆ ಹೊರಡುತ್ತಿತ್ತು. ಎರಡರಿಂದ ಮೂರು ಕಿಲೋ ತೂಗುವ, ತಟ್ಟಿದರೆ ಒಡೆಯುವ ಸರಕಿಗೆ ಎತ್ತಿನ ಗಾಡಿಯ ಕುಲುಕಾಟಕ್ಕಿಂತ ನೀರೇ ಲೇಸು. ಕಾರ್ಖಾನೆಗಳ ಮುಖ ಆಗ ನದಿಯ ಕಡೆಗಿತ್ತು, ರಸ್ತೆ ಹಿತ್ತಿಲ ಬಾಗಿಲು. ದೋಣಿಯವರು, ಹೊರೆಯಾಳುಗಳು, ಹಗ್ಗ ಹಾಯಿ ಮಾರುವವರು, ಚಾದ ಅಂಗಡಿಯವರು ಕಾರ್ಖಾನೆಯ ಸಂಬಳಪಟ್ಟಿಯಲ್ಲಿ ಇರಲಿಲ್ಲ, ಆದರೂ ಅದರ ಅನ್ನ ತಿಂದರು. ಬ್ಯಾರಿ ಮುಸ್ಲಿಂ ವ್ಯಾಪಾರಿ, ಮೊಗವೀರ ದೋಣಿಕಾರ, ಕ್ಯಾಥೊಲಿಕ್ ಮಾಲಕ, ಬಿಲ್ಲವ ಮತ್ತು ಪ್ರಾಟೆಸ್ಟಂಟ್ ಕೆಲಸಗಾರ ಒಂದೇ ಸರಕಿನ ಸುತ್ತ ಸೇರಿದರು. ಇದನ್ನು ಸೌಹಾರ್ದವೆಂದು ವೈಭವೀಕರಿಸಬೇಕಾಗಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗುತ್ತಿರಲಿಲ್ಲ, ಅಷ್ಟೆ.

ಮಳೆಗಾಲದಲ್ಲಿ ಹಾಯಿಹಡಗುಗಳ ಸಂಚಾರ ನಿಲ್ಲುತ್ತಿತ್ತು, ಹಸಿ ಹಂಚು ಒಣಗುವುದೂ ನಿಧಾನ. ಹೀಗಾಗಿ ಕೂಲಿಗೂ ಗದ್ದೆಗಿರುವಂತೆಯೇ ಹಂಗಾಮು ಇತ್ತು, ಆದರೆ ತಿರುವುಮುರುವಾಗಿ: ಉಳುಮೆ ಚುರುಕಾಗುವ ಆಷಾಢದಲ್ಲೇ ಕಾರ್ಖಾನೆ ಮಂಕು.

ಒಳಗಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ರಾಶಿ ಹಾಕಿ ಹದಗೊಳಿಸಿದ ಮಣ್ಣನ್ನು ಯಂತ್ರದಲ್ಲಿ ಅರೆದು, ಹಲಗೆಯಂತೆ ಕೊಯ್ದು, ಎಣ್ಣೆ ಸವರಿ ಒತ್ತುಯಂತ್ರಕ್ಕೆ ಕೊಡುವುದು. ಒತ್ತಿದ ಹಂಚಿನ ಅಂಚು ಸವರಿ ನೆರಳಿನ ಅಟ್ಟಣಿಗೆಯಲ್ಲಿ ದಿನಗಟ್ಟಲೆ ಒಣಗಿಸುವುದು. ಕೊನೆಗೆ ಗೂಡಿನಲ್ಲಿ ಸುಡುವುದು. ಒತ್ತುಯಂತ್ರ ಮತ್ತು ಗೂಡಿನ ಉರಿ ಗಂಡಸರ ಕೈಯಲ್ಲಿ, ಮಣ್ಣು ಮತ್ತು ಹಂಚಿನ ಹೊರೆ ಹೆಂಗಸರ ತಲೆಯ ಮೇಲೆ. ಕೂಲಿಯೂ ಆ ಲೆಕ್ಕದಲ್ಲೇ ಹೆಚ್ಚು ಕಡಿಮೆ. ಆದರೂ ಜಮೀನ್ದಾರರ ಗುತ್ತಿನ ಮನೆಯ ಅಂಗಳದಲ್ಲಿ ಅಕ್ಕಿಗಾಗಿ ದುಡಿಯುವುದಕ್ಕೂ ಸೈರನ್ ಕೂಗಿದಾಗ ಒಳಹೋಗಿ ವಾರದ ಕೊನೆಗೆ ನಾಣ್ಯ ಎಣಿಸಿಕೊಳ್ಳುವುದಕ್ಕೂ ವ್ಯತ್ಯಾಸವಿತ್ತು. ತುಳುನಾಡಿನಲ್ಲಿ ಹೆಂಗಸು ನಗದು ಕೂಲಿ ಕಂಡ ಮೊದಲ ತಾಣಗಳಲ್ಲಿ ಹಂಚಿನ ಕಾರ್ಖಾನೆಯೂ ಒಂದು. ಗೇರುಬೀಜ, ಬೀಡಿ ಅದೇ ದಾರಿಯಲ್ಲಿ ಬಂದವು.

ಮಿಷನ್ನಿನ ಕಾರ್ಖಾನೆಯಲ್ಲಿ ಕೂಲಿಯ ಜೊತೆಗೆ ಶಿಸ್ತೂ ಬರುತ್ತಿತ್ತು. ಯಜಮಾನನೂ ಕ್ರೈಸ್ತ ಸಭೆಯ ಹಿರಿಯನೂ ಒಂದೇ ಸಂಸ್ಥೆಯಾದಾಗ ಕುಡಿತದಂಥ ತಪ್ಪಿಗೆ ಕೆಲಸಗಾರ ಎರಡೂ ಕಡೆ ಉತ್ತರ ಹೇಳಬೇಕಾಗುತ್ತಿತ್ತು. ಜಮೀನ್ದಾರನ ಹಂಗು ಹರಿದವರು ಇನ್ನೊಂದು ಹಂಗಿಗೆ ಬಿದ್ದರು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಮೊದಲನೆಯದರಲ್ಲಿ ಶಾಲೆ, ಔಷಧಾಲಯ ಇರಲಿಲ್ಲ ಎನ್ನುವುದನ್ನೂ ಕೂಡಿಸಿ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದವು. ಯುರೋಪಿನ ಯುದ್ಧವೊಂದು ಜೆಪ್ಪುವಿನ ಕೂಲಿಕಾರನ ಯಜಮಾನನನ್ನೇ ಬದಲಾಯಿಸಿತು.

ಮುಂದಿನ ತಲೆಮಾರಿಗೆ ಸಂಘ ಬಂತು. ಸ್ವಾತಂತ್ರ್ಯದ ಆಚೀಚಿನ ದಶಕಗಳಲ್ಲಿ ಎ. ಶಾಂತಾರಾಮ ಪೈ, ಬಿ.ವಿ. ಕಕ್ಕಿಲ್ಲಾಯ ಮೊದಲಾದ ಕಮ್ಯುನಿಸ್ಟ್ ನಾಯಕರು ಮಂಗಳೂರಿನ ಕಾರ್ಮಿಕರನ್ನು ಸಂಘಟಿಸಿದರು. ಹಂಚು, ಬೀಡಿ, ಗೇರುಬೀಜದ ಕೆಲಸಗಾರರು ಈ ಚಳವಳಿಯ ಬೆನ್ನೆಲುಬು. 1948ರ ಕಾರ್ಖಾನೆ ಕಾಯಿದೆ ಮತ್ತು ಕಾರ್ಮಿಕ ವಿಮೆ ಕಾಯಿದೆ, 1965ರ ಬೋನಸ್ ಕಾಯಿದೆ, 1972ರ ಗ್ರಾಚುಯಿಟಿ ಕಾಯಿದೆ ಕಾರ್ಖಾನೆಯ ಕೂಲಿಯನ್ನು ನೌಕರಿಯ ಹತ್ತಿರ ತಂದವು.

ಉದ್ಯಮದ ಖರ್ಚನ್ನು ಹೊತ್ತವರೆಲ್ಲ ಬೋಳಾರದಲ್ಲಿರಲಿಲ್ಲ. ಮಣ್ಣು ತೆಗೆದ ಗದ್ದೆಗಳು ಹೊಂಡಗಳಾದವು. ಮಾಲಕನಿಗೆ ಒಮ್ಮೆ ದುಡ್ಡು ಬಂತು, ಬೇಸಾಯ ಹೋಯಿತು, ಪಕ್ಕದ ಗದ್ದೆಯ ನೀರೂ ಆ ಹೊಂಡಕ್ಕೆ ಜಾರಿತು. ಗೂಡುಗಳ ಉರಿಗೆ ಕಾಡು ಬೇಕಿತ್ತು. ಕೈಯಲ್ಲಿ ತಟ್ಟಿ ನಳಿಗೆಯಂಥ ನಾಡಹಂಚು ಮಾಡುತ್ತಿದ್ದ ಕುಂಬಾರರ ಗಿರಾಕಿಗಳನ್ನು ಯಂತ್ರದ ಹಂಚು ಸೆಳೆಯಿತು. ಇನ್ನೊಂದು ಬದಿಯಲ್ಲಿ ಮುಳಿಹುಲ್ಲಿನ ಮಾಡಿಗೆ ವರ್ಷವರ್ಷವೂ ಹೊದಿಕೆ ಹಾಕುವ ಕಷ್ಟ, ಬೇಸಿಗೆಯ ಬೆಂಕಿಯ ಭಯ ಲಕ್ಷಾಂತರ ಮನೆಗಳಿಗೆ ತಪ್ಪಿತು. ಹಂಚಿನ ಮನೆ ಎನ್ನುವುದು ಕರಾವಳಿಯಲ್ಲಿ ಬಹುಕಾಲ ಅಂತಸ್ತಿನ ಗುರುತಾಗಿತ್ತು.

1907ರಲ್ಲಿ ನೇತ್ರಾವತಿಯ ಸೇತುವೆ ದಾಟಿ ರೈಲು ಮಂಗಳೂರಿಗೆ ಬಂತು, ಪಾಂಡೇಶ್ವರದ ಮೂಲಕ ಬಂದರಿನ ಗೂಡ್ಸ್‌ಶೆಡ್‌ಗೆ ಕವಲು ಹಾದಿಯೂ ಆಯಿತು. ನದಿಗೆ ಪೈಪೋಟಿ ಆಗಿನಿಂದಲೇ ಇತ್ತು. ನಿಜವಾದ ಪಲ್ಲಟ 1970ರ ದಶಕದ್ದು: ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿ, ದೊಡ್ಡ ಸರಕು, ಗೊಬ್ಬರ, ಎಣ್ಣೆ ಎಲ್ಲ ಬಡಗು ದಿಕ್ಕಿಗೆ ಸರಿದವು. ಹಳೆಯ ಬಂದರಿಗೆ ಮೀನುಗಾರಿಕೆ ಮತ್ತು ಲಕ್ಷದ್ವೀಪದ ಮಂಜಿ ವ್ಯಾಪಾರ ಉಳಿದವು. ಟ್ರಾಲರ್‌ಗಳು ಹೆಚ್ಚಿದಂತೆ ಹೊಯಿಗೆಬಜಾರ್ ಸುತ್ತ ಮಂಜುಗಡ್ಡೆ, ದೋಣಿ ದುರಸ್ತಿ, ಮೀನು ಸಾಗಾಟದ ಕೆಲಸಗಳು ಬೆಳೆದವು. ಹಂಚಿನ ಮನೆತನಗಳ ಹುಡುಗರು ಕೊಲ್ಲಿ ರಾಷ್ಟ್ರಗಳಿಗೆ ಹೋದರು, ಅಲ್ಲಿಂದ ಕಳಿಸಿದ ಹಣದಲ್ಲಿ ಊರಿನಲ್ಲಿ ಕಟ್ಟಿದ್ದು ತಾರಸಿ ಮನೆ.

ಹಂಚನ್ನು ಸೋಲಿಸಿದ್ದು ಸಿಮೆಂಟೊಂದೇ ಅಲ್ಲ. ಮಣ್ಣು ಸಿಗುವುದು ಕಷ್ಟವಾಯಿತು, ಕಟ್ಟಿಗೆ ತುಟ್ಟಿಯಾಯಿತು, ಮಾಡಿನ ಮರದ ಪಕಾಸಿಗೆ ಹಂಚಿಗಿಂತ ಹೆಚ್ಚು ಖರ್ಚಾಗತೊಡಗಿತು. ಕಾರ್ಖಾನೆಯ ಕೆಲಸಗಾರರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅದು ಉದ್ಯಮದ ಯಶಸ್ಸೂ ಹೌದು, ಅದಕ್ಕೆ ಕುತ್ತೂ ಹೌದು. ಇವೆಲ್ಲಕ್ಕಿಂತ ನಿರ್ಣಾಯಕವಾದದ್ದು, ನನ್ನ ಎಣಿಕೆಯಲ್ಲಿ, ನೆಲದ ಬೆಲೆ. ನಗರದ ನಡುವೆ, ನೀರಿನ ನೋಟವಿರುವ ಎಕರೆಗಟ್ಟಲೆ ಜಾಗವನ್ನು ಹಂಚು ಒಣಗಿಸಲು ಇಟ್ಟುಕೊಳ್ಳುವುದು ಯಾವ ಲೆಕ್ಕದಲ್ಲೂ ಕೂಡುತ್ತಿರಲಿಲ್ಲ. ಭಾರತೀಯ ಮಾನಕ 654 ಇಂದಿಗೂ ಮಂಗಳೂರು ಮಾದರಿಯ ಹಂಚಿನ ಹೆಸರಿನಲ್ಲೇ ಇದೆ. ಮಂಗಳೂರಿನಲ್ಲಿ ಮಾತ್ರ ಒಂದೊಂದಾಗಿ ಗೂಡುಗಳು ಆರಿದವು. ಗ್ರಾಚುಯಿಟಿ ಪಡೆದು ಮನೆ ಸೇರಿದ ಕೆಲಸಗಾರನಿಗೆ ಆ ನೆಲದ ಏರಿದ ಬೆಲೆಯಲ್ಲಿ ಪಾಲು ಕೊಡುವ ಕಾನೂನು ಯಾವುದೂ ಇರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನೇತ್ರಾವತಿ ಸೇತುವೆಯ ಕಡೆಯಿಂದ ಬೋಳಾರದತ್ತ ನದೀತೀರದ ವಿಹಾರಪಥದ ಯೋಜನೆ ಬಂತು. ಕರಾವಳಿ ನಿಯಂತ್ರಣ ವಲಯದ ನಿಯಮ ಮುಂದಿಟ್ಟುಕೊಂಡು ಪರಿಸರವಾದಿಗಳು ಅದನ್ನು ವಿರೋಧಿಸಿದರು. ಹಂಚಿನ ಕಾಲದಲ್ಲಿ ಸರಕು ಇಳಿಸುವ ಜಾಗವಾಗಿದ್ದ ದಡ ಈಗ ನೋಟಕ್ಕಾಗಿ ಬೆಲೆ ಬಾಳುತ್ತದೆ.

ಬೋಳಾರದ ಇನ್ನೊಂದು ಮಾರುಕಟ್ಟೆ ಹಂಚಿಗಿಂತ ಹಳೆಯದು: ಮಂಗಳಾದೇವಿಯ ನವರಾತ್ರಿಯ ಜಾತ್ರೆ, ತೇರು ಮಾರ್ನಮಿಕಟ್ಟೆಗೆ ಹೋಗುವಾಗ ರಥಬೀದಿಯ ಬದಿಗಳಲ್ಲಿ ಏಳುವ ಸಂತೆ. 2023ರ ಅಕ್ಟೋಬರಿನಲ್ಲಿ ಇಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡುವ ಬಗ್ಗೆ ವಿವಾದವೆದ್ದಿತು. ದೇವಸ್ಥಾನದ ಸಮೀಪದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ 2002ರ ಧಾರ್ಮಿಕ ದತ್ತಿ ನಿಯಮವನ್ನು ಒಂದು ಕಡೆಯವರು ಹಿಡಿದರು. ಬೀದಿ ನಗರಪಾಲಿಕೆಯದು, ಗುಡಿಯದಲ್ಲ ಎಂದು ಇನ್ನೊಂದು ಕಡೆಯವರು ವಾದಿಸಿದರು. ಹಿಂದೂ ವ್ಯಾಪಾರಿಗಳ ಮಳಿಗೆಗಳಿಗೆ ಕೇಸರಿ ಧ್ವಜ ಕಟ್ಟಲಾಯಿತು, ಪೊಲೀಸರು ಪ್ರಕರಣ ದಾಖಲಿಸಿದರು. ಧಕ್ಕೆಯ ಸರಕು ಸಮುದಾಯಗಳನ್ನು ದಿನವೂ ಒಟ್ಟಿಗೆ ತರುತ್ತಿದ್ದ ಕಾಲದಲ್ಲಿ ಈ ಜಗಳ ನಡೆಯುತ್ತಿತ್ತೇ ಎಂದು ಕೇಳುವುದು ಸುಲಭ. ಆದರೆ ಕಾರ್ಖಾನೆಗಳ ಮುಚ್ಚುಗಡೆಯೊಂದನ್ನೇ ಕಾರಣವೆನ್ನುವುದು ಸರಿಯಲ್ಲ. ಕರಾವಳಿಯ ರಾಜಕೀಯಕ್ಕೆ ಬೇರೆಯೇ ಚರಿತ್ರೆಯಿದೆ, 2022ರಿಂದ ಇಂಥ ಬಹಿಷ್ಕಾರಗಳು ಹಲವು ಜಾತ್ರೆಗಳಲ್ಲಿ ನಡೆದಿದ್ದವು.

ಹಳೆಯ ಹಂಚಿಗೆ ಈಚೆಗೆ ಮತ್ತೆ ಗಿರಾಕಿಗಳಿದ್ದಾರೆ. ಕೆಡವಿದ ಮನೆಗಳಿಂದ ಒಡೆಯದೆ ಇಳಿಸಿದ ಹಂಚುಗಳನ್ನು ತೊಳೆದು, ಕಾರ್ಖಾನೆಯ ಮುದ್ರೆ ಕಾಣುವಂತೆ ಜೋಡಿಸಿ, ರೆಸಾರ್ಟುಗಳಿಗೂ ಹೊಸ ಬಗೆಯ ‘ಹಳೆಯ ಮನೆ’ಗಳಿಗೂ ಮಾರುತ್ತಾರೆ. ಲಾಭ ಮನೆ ಕೆಡಹುವ ಗುತ್ತಿಗೆದಾರರದ್ದು.