ಇನ್ನೊಂದು ಕೈ ಎಲ್ಲಿಡಬೇಕು?

2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಲ್ಲಿ ಒಂದು ಫೋಟೋ ಮೊಬೈಲ್‌ನಿಂದ ಮೊಬೈಲಿಗೆ ಓಡಾಡಿತ್ತು. ಟರ್ಕಿಯ ಯೂಸುಫ್ ಡಿಕೆಚ್, ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈ ಪ್ಯಾಂಟ್ ಜೇಬಿನಲ್ಲಿ. ‘ಏನ್ ಗತ್ತು ಮಾರಾಯ!’ ಅಂತ ನಾವೂ ಫಾರ್ವರ್ಡ್ ಮಾಡಿದ್ದೆವು.

ಅದು ಗತ್ತಲ್ಲ. ಒಲಿಂಪಿಕ್ಸ್‌ನಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕೆಂಬುದು ನಿಯಮ. ಖಾಲಿ ಕೈ ತೂಗಾಡಿದರೆ ಮೈಯೂ ಅಲ್ಲಾಡುತ್ತದೆ. ಅದಕ್ಕೇ ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ. ಡಿಕೆಚ್ ಜೋಡಿ ಬೆಳ್ಳಿ ಗೆದ್ದ ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್, ಸರಬ್ಜೋತ್ ಸಿಂಗ್ ಕಂಚು ಗೆದ್ದರು.

ಆ ನಿಯಮ ಇಲ್ಲದ ಕಡೆ? ಅಲ್ಲಿಯೂ ಎರಡು ಕೈ ಸೇರಲು ಕಾಲ ಹಿಡಿಯಿತು.

1950ರ ದಶಕದ ಕೊನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಗ್ ಬೇರ್ ಲೇಕ್ ಎಂಬ ಬೆಟ್ಟದೂರು. ಮರೀನ್ ಪಡೆಯಲ್ಲಿದ್ದ ಜೆಫ್ ಕೂಪರ್ ಅಲ್ಲಿ ಪಂದ್ಯ ಕಟ್ಟುತ್ತಿದ್ದರು. ಏಳು ಗಜ ದೂರದಲ್ಲಿ ಬಲೂನು. ಸೊಂಟದಿಂದ ರಿವಾಲ್ವರ್ ಎಳೆದು ಮೊದಲು ಒಡೆದವನು ಗೆದ್ದ. ಹೆಚ್ಚಿನವರು ಸಿನಿಮಾ ಕೌಬಾಯ್‌ಗಳಂತೆ ಸೊಂಟದ ಮಟ್ಟದಲ್ಲೇ ಈಡು ಹೊಡೆಯುತ್ತಿದ್ದರು. ಗುಂಡು ಬೇಗ ಹೋಗುತ್ತಿತ್ತು, ಬಲೂನು ಇದ್ದಲ್ಲೇ ಇರುತ್ತಿತ್ತು.

ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆಯ ಜಾಕ್ ವೀವರ್ ಬೇರೆ ದಾರಿ ಹಿಡಿದರು. ಎಡಗಾಲು ಸ್ವಲ್ಪ ಮುಂದೆ, ಮೈ ಓರೆ, ಮೊಣಕೈ ಮಡಚಿ, ಬಲಗೈಯಿಂದ ಮುಂದಕ್ಕೆ ಒತ್ತಿ ಎಡಗೈಯಿಂದ ಹಿಂದಕ್ಕೆ ಎಳೆದು, ರಿವಾಲ್ವರನ್ನು ಕಣ್ಣಿನ ಮಟ್ಟಕ್ಕೆ ತಂದು ಗುರಿ ನೋಡಿಯೇ ಹೊಡೆದರು. ಚೂರು ತಡವಾದರೂ ತಾಗುತ್ತಿತ್ತು. 1959ರಲ್ಲಿ ಗೆದ್ದರು. ಸೋತವರು ಕಲಿತರು, ಕೂಪರ್ ಅದನ್ನು ಬರೆದರು, ಕಲಿಸಿದರು. ‘ವೀವರ್ ನಿಲುವು’ ಅಂತ ಹೆಸರಾಯಿತು.

ಕಲಿಸುತ್ತ ಕಲಿಸುತ್ತ ಅದೇ ಶಾಸ್ತ್ರವೂ ಆಗಿಬಿಟ್ಟಿತು. ನಮ್ಮ ಲೆಕ್ಕದಲ್ಲಿ ಕಥೆಯ ಸ್ವಾರಸ್ಯ ಇರುವುದೇ ಇಲ್ಲಿ. ಹಳೆಯದನ್ನು ಮುರಿದ ನಿಲುವನ್ನು ಮುರಿಯಲು ಇನ್ನಿಬ್ಬರು ಬರಬೇಕಾಯಿತು.

1980ರ ದಶಕದ ಆರಂಭದಲ್ಲಿ ರಾಬ್ ಲೇಥಮ್, ಬ್ರಯಾನ್ ಇನೋಸ್ ಗುರಿಗೆ ನೇರ ಎದೆ ಕೊಟ್ಟು ನಿಂತರು. ಎರಡೂ ತೋಳು ಮುಂದೆ ಚಾಚಿ, ಮೇಲಿಂದ ನೋಡಿದರೆ ತ್ರಿಕೋನ. ಆಗ ಪಂದ್ಯವೂ ಬದಲಾಗಿತ್ತು: ಬರೀ ಬಲೂನಲ್ಲ, ಎಡಬಲ ಹತ್ತಾರು ಗುರಿ, ನಡುವೆ ಓಟ. ಓರೆ ನಿಂತವನಿಗೆ ಒಂದು ಬದಿಗೆ ತಿರುಗುವುದು ಕಷ್ಟ. ನೇರ ನಿಂತವನು ಸೊಂಟ ತಿರುಗಿಸಿದರೆ ಸಾಕು. ಹೊಡೆತಕ್ಕೆ ಮೇಲೆದ್ದ ಪಿಸ್ತೂಲೂ ನೆಟ್ಟಗೆ ಕೆಳಗಿಳಿಯುತ್ತದೆ. ಗುದ್ದಲಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಾಲು ತಪ್ಪಿದರೆ ಕೈಯೂ ತಪ್ಪುತ್ತದೆ. ಲೇಥಮ್ 1983ರಲ್ಲಿ ವಿಶ್ವ ಚಾಂಪಿಯನ್ ಆದರು. ಈಗ ಇಂಥ ಪಂದ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ ತ್ರಿಕೋನ, ಮೊಣಕಾಲು ತುಸು ಬಗ್ಗಿಸಿ, ಭಾರ ಮುಂದಕ್ಕೆ ಹಾಕಿ.

ಒಲಿಂಪಿಕ್ಸ್‌ಗೆ ಈ ಗಾಳಿ ತಾಗಲೇ ಇಲ್ಲ. ಅಲ್ಲಿ ಆ ಕೈ ಇನ್ನೂ ಜೇಬಿನಲ್ಲೇ ಇದೆ.