ಹಿಟ್ಟಿನ ಕೋಳಿಯೂ ಶನಿವಾರದ ಒಲೆಯೂ

ಸಸ್ಯಾಹಾರದ ಕಡೆಗೆ ನಮ್ಮ ಜನ ಒಮ್ಮೆಲೇ ಹೊರಳಿದವರಲ್ಲ. 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯ ಅರಸ ಜೀವಬಲಿಗೆ ಒಪ್ಪದೆ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಸಂಕಲ್ಪಮಾತ್ರದಿಂದಲೇ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಜೈನಕವಿಯ ನಿಯಮ ಅಷ್ಟು ಕಠಿಣ.

ಜನಸಾಮಾನ್ಯರು ಹಿಡಿದುದು ಮೆಲ್ಲನೆಯ ದಾರಿ. ನಾನಿರುವ ಮೈಸೂರಿನ ಕೆಸರೆಯಲ್ಲಿ, ಬಾಡೂಟದ ಎಷ್ಟೋ ಮನೆಗಳಲ್ಲಿ ಶನಿವಾರ ಮಾಂಸ ಬೇಯುವುದಿಲ್ಲ. ಕೆಲವರಿಗೆ ಸೋಮವಾರವೂ ಇಲ್ಲ, ಶ್ರಾವಣದಲ್ಲಿ ತಿಂಗಳಿಡೀ ಇಲ್ಲ. ಅಂದು ಮುದ್ದೆಗೆ ಹುರುಳಿಸಾರು, ಸೊಪ್ಪಿನ ಸಾರು. ವಾರಕ್ಕೊಂದು ದಿನವೆಂದರೂ ವರ್ಷಕ್ಕೆ 52 ದಿನವಾಯಿತು.

1959ರ ಪ್ರಾಣಿಬಲಿ ತಡೆ ಕಾಯಿದೆ ದೇವರ ಮುಂದಿನ ಕತ್ತಿಯನ್ನು ಕುರಿತದ್ದು. ಅಡುಗೆಮನೆಯ ಒಲೆಯನ್ನು ಅದು ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ಒಲೆಯ ಮುಂದಿನ ಸಂಯಮ ಅವರವರದೇ.

ಬಿಟ್ಟವನು ಉಣ್ಣುವವನನ್ನು ಹಳಿದರೆ? ಜನ್ನನನ್ನು ಓದಿದ ನನಗೆ ಅದೂ ಸಂಕಲ್ಪಹಿಂಸೆಯಾಗಿಯೇ ತೋರುತ್ತದೆ.